ಬೀಜದ ಮನೆಯ ಬಸವಣ್ಣೆಮ್ಮ

ವಳಕಮದಿನ್ನಿಯಲ್ಲಿ ಜೋಳದ ಬೀಜವನ್ನು ಪ್ರತಿಯೊಂದು ಮನೆಯೂ ತನ್ನ ತನ್ನ ಬೆಳೆಯಲ್ಲೇ ಆರಿಸಿ ಇಟ್ಟುಕೊಳ್ಳುತ್ತಿತ್ತು. ಕುಸುಬಿಯ ಬೀಜ ಮಾತ್ರ ಊರಿಗೆಲ್ಲ ಒಂದೇ ಮನೆಯಿಂದ ಹೊರಡಬೇಕು. ಅದು ಹಿರಿಯರು ಹಾಕಿಕೊಟ್ಟ ಕಟ್ಟು. ಆ ಮನೆಗೆ ಬೀಜದ ಮನೆಯೆಂದೇ ಹೆಸರು ನಿಂತು, ಮನೆತನದ ಮೂಲದ ಹೆಸರು ಸರ್ಕಾರದ ಕಾಗದಗಳಲ್ಲಿ ಮಾತ್ರ ಉಳಿದಿತ್ತು. ನಿಜಾಮರ ಆಳ್ವಿಕೆಯ ಕಾಲ; ಅವರ ಫಸಲಿ ಶಕೆಯಂತೆ ಸಾವಿರದ ಮುನ್ನೂರ ನಲವತ್ತರ ಆಚೀಚೆಯ ಮಾತು. ಊರಿನ ಎರೆ ಹೊಲಗಳೆಲ್ಲ ಹಿಂಗಾರಿ ಮಳೆಯನ್ನೇ ನಂಬಿ, ಜೋಳದ ನಡುನಡುವೆ ಕುಸುಬಿಯ ಅಕ್ಕಡಿ ಸಾಲುಗಳನ್ನು ಹೊತ್ತು ನಿಲ್ಲುತ್ತಿದ್ದವು. ಜೋಳ ರೊಟ್ಟಿಗೆ, ಕುಸುಬಿ ಒಗ್ಗರಣೆಗೂ ದೇವರ ದೀಪಕ್ಕೂ.

ಉತ್ತರಿ ಮಳೆ ಬಿದ್ದು ನೆಲ ಹದಕ್ಕೆ ಬಂದೊಡನೆ ಬೀಜ ಬಿತ್ತುವ ಊರ ಕೂರಿಗೆಗಳೆಲ್ಲ ಬೀಜದ ಮನೆಯ ಅಂಗಳಕ್ಕೆ ಬರುತ್ತಿದ್ದವು. ಅವನ್ನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ಪೂಜಿಸಿದ ಬಳಿಕ ಆ ಮನೆಯ ಒಡತಿಯು ಬಂದ ಹೆಣ್ಣುಮಕ್ಕಳ ಉಡಿಗೆ ಕುಸುಬಿಯ ಬೀಜವನ್ನು ಹಾಕುವಳು. ಅದಕ್ಕೆ ಬೆಲೆಯೆಂಬುದಿಲ್ಲ. ಕೊಡುವ ಕೈ ತಮ್ಮ ಮನೆಯದೆಂಬ ಮಾನವೊಂದೇ ಆ ಮನೆಯವರ ಗಳಿಕೆ.

ಬಸವಣ್ಣೆಮ್ಮ ಮಸ್ಕಿಯಲ್ಲಿ ಹುಟ್ಟಿ ಈ ಮನೆಗೆ ಸೊಸೆಯಾಗಿ ಬಂದವಳು. ಕೆಲಸದಲ್ಲಿ ಚುರುಕು; ಮಾತಿನಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದು. ಗಂಡ ಅಮರಗುಂಡಪ್ಪ ಎತ್ತು, ಬಂಡಿ, ಲಿಂಗಪೂಜೆ ಇಷ್ಟರಲ್ಲೇ ತೃಪ್ತನಾದ ಸಾಧು ಮನುಷ್ಯ. ಮನೆಯ ಆಡಳಿತವೂ ಬೀಜದ ಆಡಳಿತವೂ ಅತ್ತೆ ಅಮರಮ್ಮನ ಕೈಯಲ್ಲಿದ್ದವು.

ಅಮರಮ್ಮ ಬೀಜ ಆರಿಸುವ ಕ್ರಮವನ್ನು ನೋಡುವುದೇ ಒಂದು ಸೊಗಸು. ಶಿವರಾತ್ರಿ ಕಳೆದು ಕುಸುಬಿ ಒಣಗಿ ನಿಂತಾಗ, ಬೆಳಗಿನ ಇಬ್ಬನಿಗೆ ಮುಳ್ಳು ಮೆತ್ತಗಾಗಿರುವ ಹೊತ್ತಿನಲ್ಲಿ, ಮಿಂದು ಪೂಜೆ ಮುಗಿಸಿ, ಕೈಗೆ ಕಂಬಳಿಯ ತುಂಡು ಸುತ್ತಿಕೊಂಡು ಅವಳು ಹೊಲಕ್ಕೆ ಇಳಿಯುವಳು. ಗಿಡದ ನೆತ್ತಿಯಲ್ಲಿ ಎಲ್ಲಕ್ಕಿಂತ ದಪ್ಪನಾಗಿ ಕುಳಿತ ಕಾಯಿಯನ್ನು ಕಂಡರೆ ನಮಸ್ಕರಿಸಿ ಮುರಿಯುವಳು. ಅವಳ ಅತ್ತೆಯೂ ಹಾಗೆಯೇ ಮುರಿದಿದ್ದಳು, ಆ ಅತ್ತೆಯ ಅತ್ತೆಯೂ. ದೊಡ್ಡ ಕಾಯಿಯಿಂದ ದೊಡ್ಡ ಬೆಳೆಯೆಂಬುದರಲ್ಲಿ ಯಾರಿಗೂ ಸಂಶಯ ಹುಟ್ಟಿರಲಿಲ್ಲ.

ಆದರೆ ಗಿಡಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತ, ಟೊಂಗೆ ಕಡಿಮೆಯಾಗುತ್ತ, ನೆತ್ತಿಯ ಕಾಯಿಯೊಂದನ್ನೇ ಉಬ್ಬಿಸುತ್ತ ಬಂದಿದ್ದವು. ಬದಲಾವಣೆ ಬಹು ಮೆಲ್ಲಗೆ ನಡೆದುದರಿಂದ ಹೊಲದಲ್ಲಿ ನಿಂತವರ ಕಣ್ಣಿಗೆ ಅದು ಬೀಳಲಿಲ್ಲ, ಕಣದಲ್ಲಿ ಬಿತ್ತು. ರಾಶಿ ಕುಗ್ಗುತ್ತಿತ್ತು. ಮಸ್ಕಿಯಲ್ಲಿ ಎಣ್ಣೆಯ ಗಾಣ ನಡೆಸುತ್ತಿದ್ದ ಜಂಗ್ಲಿಸಾಬ್ ಒಂದು ಸಂತೆಯ ದಿನ ಅಮರಗುಂಡಪ್ಪನ ಚೀಲದೊಳಗೆ ಕೈಯಾಡಿಸಿ, ನಾಲ್ಕು ಕಾಳು ಹಲ್ಲಿಗಿಟ್ಟು ಕಡಿದು, ಸಿಪ್ಪೆ ಉಗುಳಿ ನಕ್ಕ.

“ಅಣ್ಣಾರ, ಇದು ಕುಸುಬಿನೋ ಹೊಟ್ಟೋ? ಎಣ್ಣಿ ಬರದ ಗಾಣ ಸುಮ್ನೆ ತಿರುಗಿಸಿ ನನ್ನ ಎತ್ತಿಗೂ ಬೇಜಾರಾಗೈತಿ.”

ಅಮರಗುಂಡಪ್ಪ ಮನೆಗೆ ಬಂದು ಈ ಮಾತನ್ನು ನಗುತ್ತಲೇ ಹೇಳಿದ. ಬಸವಣ್ಣೆಮ್ಮನಿಗೆ ನಗು ಬರಲಿಲ್ಲ. ಊರಿನಲ್ಲಿ ದೊಡ್ಡ ಹಿಡುವಳಿಯ ಗೌಡನಾದ ಬಸವಂತರಾಯನು ಇದೇ ಮಾತನ್ನು ಹನುಮಪ್ಪನ ಕಟ್ಟೆಯ ಮೇಲೆ ಆಗಲೇ ಆಡಿದ್ದನು. ಅದು ಅವಳ ಕಿವಿಗೂ ಬಿದ್ದಿತ್ತು. ಮುಂದೊಂದು ದಿನ ಬಾವಿಯ ದಾರಿಯಲ್ಲಿ ಅವಳೇ ಅವನನ್ನು ಕೇಳಿದಳು.

“ಗೌಡ್ರ, ನಮ್ಮ ಬೀಜ ಬ್ಯಾಡ ಅಂದ್ರಂತ. ಖರೇನ್ರೀ?”

ಬಸವಂತರಾಯ ಒರಟನಲ್ಲ, ಮುಚ್ಚುಮರೆಯವನೂ ಅಲ್ಲ. “ಬ್ಯಾಡ ಅಂದಿಲ್ಲ ತಂಗೆವ್ವ. ಮಾನ ನಿಮ್ಮ ಮನೀದು, ಇರಲಿ. ಆದ್ರ ಹೆಸರು ಹಚ್ಚಿದ್ರ ದೀಪ ಉರಿಯೂದಿಲ್ಲ, ಎಣ್ಣಿ ಬೇಕು.”

ಆ ವರ್ಷ ಅಮರಮ್ಮನಿಗೆ ಮೊಣಕಾಲು ಹಿಡಿದು, ಬೀಜ ಆರಿಸುವ ಕೆಲಸ ಸೊಸೆಯ ಪಾಲಿಗೆ ಬಂದಿತು. ಬಸವಣ್ಣೆಮ್ಮ ಕೈಗೆ ಕಂಬಳಿ ಸುತ್ತಿಕೊಂಡಳಾದರೂ ಬಹಳ ಹೊತ್ತು ಏನನ್ನೂ ಮುರಿಯಲಿಲ್ಲ. ದೊಡ್ಡ ಕಾಯಿ ಯಾವಾಗಲೂ ನೆತ್ತಿಯ ಮೇಲೆಯೇ ಇರುತ್ತದೆ. ಆದರೆ ರಾಶಿ ಬರುವುದು ನೆತ್ತಿಯೊಂದರಿಂದಲೇ ಅಲ್ಲ. ಕಾಯಿಯನ್ನು ನೋಡಿ ಆರಿಸಬಾರದು, ಗಿಡವನ್ನು ನೋಡಿ ಆರಿಸಬೇಕು ಎಂದು ಅವಳಿಗೆ ತೋರಿತು. ಹೀಗೆ ನೋಡುತ್ತ ನಡೆದಾಗ ಬಂಡಿದಾರಿಯ ಅಂಚಿನ ಸಾಲುಗಳಲ್ಲಿ ಬುಡದಿಂದಲೇ ಕವಲೊಡೆದ, ಮೈತುಂಬ ಕಾಯಿ ಹೊತ್ತ ಗಿಡಗಳು ಕಾಣಿಸಿದವು. ಹೊಲದ ನಡುವೆ ಅಂಥವು ಅಪರೂಪ. ಅವಳ ಆನಂದಕ್ಕೆ ಪಾರವಿಲ್ಲ. ದಾರಿಯಂಚಿನ ಆ ಗಿಡಗಳನ್ನೇ ಬೇರೆ ಕೊಯ್ಯಿಸಿ, ಬೇರೆ ಬಡಿಯಿಸಿ, ಬೂದಿ ಬೆರಸಿ ಬೀಜದ ಗಡಿಗೆಗೆ ತುಂಬಿದಳು.

ಅಮರಮ್ಮ ಆ ಕಾಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿ ಮುಖ ಸಿಂಡರಿಸಿದಳು. “ಸಣ್ಣ ಕಾಯಿ ಆರಿಸಿದ್ರ ಸಣ್ಣವೇ ಹುಟ್ತಾವ. ಇಷ್ಟೂ ತಿಳಿವಲ್ದೇನ ಬೇ ನಿನಗ?”

“ಅತ್ತೀ, ಒಬ್ಬನೇ ದೊಡ್ಡ ಮಗ ಇದ್ದ ಮನಿಗಿಂತ ಹತ್ತು ಮಕ್ಕಳಿದ್ದ ಮನ್ಯಾಗ ದುಡಿಯೂ ಕೈ ಹೆಚ್ಚಲ್ಲೇನ್ರೀ?”

“ತಿನ್ನೂ ಬಾಯೂ ಹೆಚ್ಚು,” ಎಂದಳು ಅಮರಮ್ಮ. ಆ ಮಾತಿನ ತೂಕ ಬಸವಣ್ಣೆಮ್ಮನಿಗೆ ತಿಳಿದದ್ದು ವರ್ಷಗಳು ಕಳೆದ ಮೇಲೆ.

ಕೂರಿಗೆಯ ಪೂಜೆಯ ದಿನ ಅಂಗಳ ತುಂಬಿತ್ತು. ಉಡಿ ತುಂಬುವ ಭರದಲ್ಲಿ ಅವಳ ನಾಲಗೆ ಅವಳ ಹತೋಟಿಯನ್ನು ಮೀರಿತು. ಎಲ್ಲರಿಗೂ ಕೇಳುವಂತೆ ಅವಳು ನುಡಿದಳು: “ಈ ಸಲ ಕುಸುಬಿ ಬುಡದಿಂದ ಟೊಂಗಿ ಒಡೀತೈತಿ ನೋಡ್ರಿ. ಒಡೀಲಿಲ್ಲಂದ್ರ ಮುಂದಿನ ವರ್ಷ ಕೂರಿಗಿ ನಮ್ಮ ಅಂಗಳಕ್ಕ ತರಬ್ಯಾಡ್ರಿ.”

ಒಳಗೆ ಕುಳಿತಿದ್ದ ಅಮರಮ್ಮನಿಗೂ ಅದು ಕೇಳಿಸಿತು. ಯಾರೂ ಕೇಳದಿದ್ದ ಪಣವನ್ನು ಸೊಸೆ ತಾನಾಗಿಯೇ ಒಡ್ಡಿಬಿಟ್ಟಿದ್ದಳು.

ಕುಸುಬಿ ಕವಲೊಡೆಯಲಿಲ್ಲ. ಎಳ್ಳಮಾವಾಸ್ಯೆಗೆ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋದವರಿಗೆಲ್ಲ ಹಿಂದಿನ ವರ್ಷದ ಗಿಡಗಳೇ ಎದುರಾದವು. ಅದೇ ಎತ್ತರ, ಅದೇ ನೆತ್ತಿಯ ಕಾಯಿ, ಕೆಳಗೆ ಅದೇ ಬರಿದು ಕಾಂಡ. ರಾಶಿಯಾದ ಮೇಲೆ ಬಸವಂತರಾಯ ಬೀಜದ ಮನೆಯ ಜಗಲಿಗೆ ಬಂದು, ನೀರು ಕುಡಿದು, ಮಾತು ತೆಗೆದ.

“ನಾ ಅಂದದ್ದಲ್ಲ ತಂಗೆವ್ವ. ನಿನ್ನ ಬಾಯಿಂದಾನೇ ಬಂದದ್ದು.”

“ಹೌದ್ರೀ. ನಂದೇ ಮಾತು.”

“ಈ ವರ್ಷ ಕೂರಿಗಿ ನಮ್ಮ ಅಂಗಳದಾಗ ಇಡಸ್ತೀನಿ. ಬೀಜ ಯಾರ್ಯಾರು ಎಲ್ಲೆಲ್ಲಿ ತರತಾರೋ ತರಲಿ. ಸಿಟ್ಟಾಗಬ್ಯಾಡ.”

ಅವನು ಹೋದ ಮೇಲೆ ಅಮರಮ್ಮ ಸೊಸೆಯನ್ನು ಬೈಯಲಿಲ್ಲ. ಮಾತೇ ನಿಲ್ಲಿಸಿದಳು. ಬೈದಿದ್ದರೆ ಎಷ್ಟೋ ಲೇಸಾಗಿತ್ತು.

ಬಸವಂತರಾಯನು ಬಂದುಹೋದ ಮಾರನೆಯ ದಿನ ಬಸವಣ್ಣೆಮ್ಮ ಹೊಲಕ್ಕೆ ಹೋದಳು. ತಡವಾಗಿ ಬಿತ್ತಿದ ಒಂದು ಪಟ್ಟಿಯಲ್ಲಿ ಕೊಯ್ಲು ಇನ್ನೂ ಉಳಿದಿತ್ತು. ಅಲ್ಲಿಯೂ ಬಂಡಿದಾರಿಯ ಅಂಚಿನ ಗಿಡಗಳೇ ಕವಲೊಡೆದು ತುಂಬಿ ನಿಂತಿದ್ದವು. ಅವಳು ಬೆಚ್ಚಿದಳು. ಆ ಪಟ್ಟಿಗೆ ಆರಿಸಿದ ಬೀಜ ಬಿದ್ದಿರಲೇ ಇಲ್ಲ. ಗಡಿಗೆ ಬರಿದಾದುದರಿಂದ ಗಂಡನು ಅತ್ತೆಯ ಹಳೆಯ ಬೀಜವನ್ನೇ ಬಿತ್ತಿದ್ದನು. ಆರಿಸಿದ ಬೀಜ ಹೊಲದ ನಡುವೆ ಬಡವಾಯಿತು, ಹಳೆಯ ಬೀಜ ದಾರಿಯಂಚಿನಲ್ಲಿ ಸಿರಿವಂತವಾಯಿತು. ಹಾಗಿದ್ದರೆ ಗುಣ ಬೀಜದ್ದಲ್ಲ, ದಾರಿಯದು. ದಾರಿ ಗಿಡಕ್ಕೆ ಏನನ್ನು ಕೊಟ್ಟೀತು?

ಕೊಯ್ಲಿನ ಹೆಂಗಸರ ಮುಂದಾಳು ಮುದುಕಮ್ಮ. ಹೆಸರಷ್ಟೇ ಮುದುಕಿ, ನಡು ಗಟ್ಟಿ, ನಾಲಗೆ ಇನ್ನೂ ಗಟ್ಟಿ. ಕುಡುಗೋಲು ಹೆಗಲಿಗೇರಿಸಿಕೊಂಡು ಅವಳು ನಿಂತು ನೋಡಿದಳು.

“ಏನ್ರೀ ಯವ್ವಾರ, ಗಿಡದ ಕೂಡ ಪಂಚಾಯ್ತಿ ನಡಸೀರಿ?”

“ದಾರಿ ದಂಡೀ ಗಿಡ ಯಾಕ ಹಿಂಗ ಟೊಂಗಿ ಒಡದಾವ ಅಂತ ನೋಡಾಕತ್ತೀನಿ ಮುದುಕವ್ವ.”

“ಯಾಕ ಅಂದ್ರ? ದೀವಳಿಗೀ ಹೊತ್ತಿಗೆ ನಾವು ಪಲ್ಲೆಕ ಚಿವುಟೂದು ಎಲ್ಲಿ? ಹೊಲದ ನಡುವ ಹೋಗಿ ಹೆಂಟಿ ತುಳಕೋತ ಯಾರು ಚಿವುಟ್ತಾರ? ಹೋಗ್ತಾ ಬರ್ತಾ ದಾರೀದೇ ಚಿವುಟ್ತೀವಿ. ಕುಡಿ ಹೋದ್ರ ಮಗ್ಗಲಾಗ ಒಡೀತಾವ. ನಿಮ್ಮನ್ಯಾಗ ತುಳಸೀ ಗಿಡ ಚಿವುಟೂದಿಲ್ಲೇನು?”

ಬಸವಣ್ಣೆಮ್ಮ ಬಾಗಿ ಒಂದು ಗಿಡದ ಚಿವುಟಿದ ತುದಿಯನ್ನು ಹುಡುಕಿ ನೋಡಿದಳು. ಎಳೆಯ ಕುಸುಬಿಯ ಪಲ್ಲೆ ಅವಳ ಮನೆಯಲ್ಲೂ ಬೇಯುತ್ತಿತ್ತು. ಆ ಕುಡಿಗಳನ್ನು ಅವಳೂ ಸೋಸಿದ್ದಳು. ಅವಳ ಮುಖ ನೋಡಿ ಮುದುಕಮ್ಮನಿಗೆ ಸಂಗತಿ ಹೊಳೆಯಿತು. ಬಾಯಿಗೆ ಸೆರಗು ಹಚ್ಚಿ ನಕ್ಕಳು.

“ಅಯ್ಯ ಶಿವನ! ನಾವು ಚಿವುಟಿದ ಗಿಡಾನೇ ಬೀಜಕ್ಕ ಆರಿಸಿದ್ರೇನು? ನನ್ನ ಉಗುರಿನ ಗುಣ ಬೀಜದಾಗ ಬರತೈತೇನ್ರೀ? ಕಿವಿ ಚುಚ್ಚಿಸಿಕೊಂಡಾಕಿ ಹೊಟ್ಟ್ಯಾಗ ತೂತಿನ ಕಿವೀ ಕೂಸು ಹುಟ್ಟಿದ್ದು ಎಲ್ಲರೆ ಕಂಡೀರಿ?”

ಮುದುಕಮ್ಮ ತಮಾಷೆಗೆಂದು ಆಡಿದ ಮಾತು ಅದು; ಬಸವಣ್ಣೆಮ್ಮನಿಗೆ ಅದರಲ್ಲೇ ಗುಟ್ಟು ಸಿಕ್ಕಿತು. ಕೈ ಮಾಡಿದ ಗುಣ ಗಿಡದೊಡನೆ ಒಣಗುತ್ತದೆ. ಹುಟ್ಟಿನಿಂದ ಬಂದ ಗುಣ ಮಾತ್ರ ಬೀಜದೊಡನೆ ನಡೆಯುತ್ತದೆ. ಹೊಲದಲ್ಲಿ ಅವೆರಡೂ ಒಂದೇ ರೂಪದಲ್ಲಿ ನಿಲ್ಲುತ್ತವೆ. ಅವನ್ನು ಬೇರ್ಪಡಿಸಬೇಕಾದರೆ ಯಾರ ಕೈಯೂ ಮುಟ್ಟದ ಗಿಡಗಳೇ ಬೇಕು.

ಮುಟ್ಟದಂತೆ ಮಾಡುವುದು ಸುಲಭವಾಗಿರಲಿಲ್ಲ. ಪಲ್ಲೆ ಚಿವುಟುವುದು ಕೂಲಿಯ ಹೆಂಗಸರಿಗೆ ತಲೆತಲಾಂತರದಿಂದ ಬಂದ ಹಕ್ಕು. ಮುಂದಿನ ಬಿತ್ತನೆಯ ಹೊತ್ತಿಗೆ, ಹಲವು ತಿಂಗಳ ಮೌನ ಮುರಿದು, ಅಮರಮ್ಮನೇ ಒಂದು ಉಪಾಯ ಹೇಳಿದಳು. “ದೇವರ ಹೆಸರಿಲೆ ಬಿಟ್ಟ ಹೊಲ ಅಂತ ನಾಕು ಕಲ್ಲಿಗಿ ವಿಭೂತಿ ಹಚ್ಚಿ ಇಡು. ಒಂದು ನರಪಿಳ್ಳೆ ಮುಟ್ಟೂದಿಲ್ಲ.”

“ದೇವರಿಗಿ ಬಿಟ್ಟಿಲ್ಲಲ್ರೀ ಅತ್ತೀ. ನನ್ನ ತಪ್ಪು ತಿದ್ದಿಕೊಳ್ಳಾಕ ಬಿಟ್ಟೀನಿ. ಅದಕ್ಕ ಶಿವನ್ನ ಯಾಕ ಕಾವಲಿಗಿ ನಿಲ್ಲಸೂದು?”

ಅಮರಮ್ಮ ಮತ್ತೆ ಒತ್ತಾಯಿಸಲಿಲ್ಲ; ಅಂದಿನಿಂದ ಸೊಸೆಯೊಡನೆ ಮಾತು ಬಿಡಲೂ ಇಲ್ಲ.

ಬಸವಣ್ಣೆಮ್ಮ ಮುದುಕಮ್ಮನ ಗುಡಿಸಲಿನ ಮುಂದೆ ನಿಂತು ಇದ್ದುದನ್ನು ಇದ್ದಂತೆಯೇ ಹೇಳಿದಳು. ಗುಡ್ಡದ ಕಡೆಯ ತುಂಡು ಹೊಲದಲ್ಲಿ ಮಾತ್ರ ಕೈಯಾಡಿಸಬಾರದು. ಉಳಿದ ಹೊಲದಲ್ಲಿ ದಾರಿಯಂಚಿನಲ್ಲೇ ಏಕೆ, ನಡುವೆಯೂ ಹೊಕ್ಕು ಚಿವುಟಬಹುದು.

“ನಡುವ ಹೊಕ್ಕರ ನಿಮ್ಮ ಅತ್ತಿ ಬಡಿಗಿ ತರತಾರ,” ಎಂದಳು ಮುದುಕಮ್ಮ.

“ಬಡಿಗಿ ನಾ ಹಿಡೀತೀನಿ. ನೀವು ಚಿವುಟ್ರಿ. ಗಿಡಕ್ಕ ಅದು ಒಳ್ಳೇದು ಅಂತ ನೀನೇ ಕಲಿಸಿದ್ದಿ.”

“ಕೂಲಿ ಹೆಚ್ಚ ಕೊಡಬೇಕಾದೀತು, ಪಾಠ ಹೇಳಿದ್ದಕ್ಕ!”

“ಪಲ್ಲೆ ಹೆಚ್ಚ ಒಯ್ಯಿ.”

ಆ ತುಂಡು ಹೊಲವನ್ನು ಯಾರೂ ಮುಟ್ಟಲಿಲ್ಲ. ಅಲ್ಲಿ ಹೆಚ್ಚಿನ ಗಿಡಗಳು ನೆಟ್ಟಗೆ, ಬೋಳಾಗಿ ಬೆಳೆದವು. ಆದರೆ ಅಲ್ಲೊಂದು ಇಲ್ಲೊಂದು, ಯಾವ ಉಗುರೂ ತಾಗದೆ, ತಾನಾಗಿಯೇ ಕವಲೊಡೆದ ಗಿಡಗಳೂ ಇದ್ದವು. ಬಸವಣ್ಣೆಮ್ಮ ಅವಕ್ಕೆ ಹಳೆಯ ಸೀರೆಗಳ ಬಣ್ಣಬಣ್ಣದ ಚೂರುಗಳನ್ನು ಕಟ್ಟಿದಳು. ಒಂದೊಂದು ಗಿಡದ ಕಾಳನ್ನು ಒಂದೊಂದು ಅರಿವೆಯ ಗಂಟಿನಲ್ಲಿಟ್ಟಳು. ಮರುವರ್ಷ ಅದೇ ತುಂಡಿನಲ್ಲಿ, ಒಂದು ಗಿಡದ ಕಾಳು ಇನ್ನೊಂದರೊಡನೆ ಬೆರೆಯದಂತೆ, ಗಿಡಕ್ಕೊಂದು ಸಾಲಾಗಿ ಕೈಯಿಂದಲೇ ಊರಿದಳು. ಸಾಲಿನ ತುದಿಯ ಕೋಲಿಗೆ ಆಯಾ ಬಣ್ಣದ ಚೂರು.

ಆ ವರ್ಷದ ಹೊಲ ಅವಳಿಗೆ ಗುರುವಾಯಿತು. ಹಸಿರು ಚೂರಿನ ಸಾಲು ಹಿಂದಿನಂತೆಯೇ ಬೋಳಾಯಿತು; ಅದರ ತಾಯಿಗಿಡ ಒಡ್ಡಿನ ಮಗ್ಗುಲಲ್ಲಿ ಒಳ್ಳೆಯ ಮಣ್ಣುಂಡು ಮೆರೆದಿತ್ತೆಂದು ಕಾಣುತ್ತದೆ. ಹಳದಿ ಚೂರಿನ ಸಾಲು ಬುಡದಿಂದ ತುದಿಯವರೆಗೆ ಕಾಯಿಯೋ ಕಾಯಿ. ಅದನ್ನು ಕಂಡು ಅಮರಗುಂಡಪ್ಪನೂ ಎತ್ತು ನಿಲ್ಲಿಸಿ ತಲೆದೂಗಿದ. ಬಡಿದು ತೂರಿದಾಗ ಅರ್ಧಕ್ಕರ್ಧ ಗಾಳಿಗೆ ಹಾರಿತು; ಕಾಯಿ ಹೆಚ್ಚು, ಕಾಳು ಜೊಳ್ಳು. ತಿನ್ನುವ ಬಾಯೂ ಹೆಚ್ಚೆಂದ ಅತ್ತೆಯ ಮಾತು ಅವಳಿಗೆ ಆಗ ಅರ್ಥವಾಯಿತು. ಒಂದೇ ಬೇರು ಉಣಿಸಬೇಕಾದ ಕಾಯಿಗಳು ಅಳತೆ ಮೀರಿದರೆ ಎಲ್ಲವೂ ಹಸಿದೇ ಉಳಿಯುತ್ತವೆ. ಇನ್ನೊಂದು ಸಾಲಿನಲ್ಲಿ ಕಾಳು ತೂಕವಾಗಿದ್ದವು, ಕಾಯಿಗಳೇ ವಿರಳ. ಕಂದು ಚೂರಿನ ಸಾಲು ನೋಟಕ್ಕೆ ಯಾವ ವಿಶೇಷವನ್ನೂ ಹೊತ್ತಿರಲಿಲ್ಲ. ಗಿಡ ಒಂದು ಮೊಳಕ್ಕಿಂತ ತುಸು ಎತ್ತರ, ಕಾಯಿ ನಡುತರದ್ದು, ಟೊಂಗೆಗಳೂ ಹಳದಿಯಷ್ಟಿಲ್ಲ. ಆದರೆ ಕಾಯಿ ಒಡೆದರೆ ಒಳಗೆ ಕಾಳು ಒತ್ತಿ ಕೂತಿದ್ದವು. ತೂರಿದರೆ ಕಾಲ ಬುಡಕ್ಕೇ ಬಿದ್ದವು. ಅಳೆದಾಗ ಬೇರೆ ಯಾವ ಸಾಲೂ ಅದರ ಸಮಕ್ಕೆ ಬರಲಿಲ್ಲ. ಕಣ್ಣಿಗೆ ಹಬ್ಬವಾದ ಸಾಲಿನಿಂದಲ್ಲ, ಎಲ್ಲ ಗುಣಗಳೂ ತಕ್ಕಮಟ್ಟಿಗೆ ಕೂಡಿಬಂದ ಸಾಲಿನಿಂದ ರಾಶಿ ಬಂದಿತ್ತು.

ಈ ಸಲ ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆ ಕಾಳನ್ನು ಮತ್ತೊಂದು ವರ್ಷ ಬಿತ್ತಿ ಹೆಚ್ಚಿಸಿದಳು. ಗುಣ ಕೆಡದೆ ಮರಳಿ ಬಂದಿತು. ಅದರಲ್ಲೇ ಒಂದಿಷ್ಟನ್ನು ಮುದುಕಮ್ಮನ ಕೈಯಿಂದ ಚಿವುಟಿಸಿಯೂ ನೋಡಿದಳು. ಕಾಂಡ ಏಳುವ ಮೊದಲು ಒಮ್ಮೆ ಚಿವುಟಿದರೆ ಲಾಭ. ತಡವಾಗಿ ಚಿವುಟಿದರೆ ನಷ್ಟ.

ಗಡಿಗೆಗಳು ತುಂಬಿದವು. ಕೂರಿಗೆಯ ಪೂಜೆ ಆಗ ಬಸವಂತರಾಯನ ಅಂಗಳದಲ್ಲೇ ನಡೆಯುತ್ತಿತ್ತು. ಬೀಜದ ಮನೆಯಿಂದ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಉತ್ತರಿ ಮಳೆ ಬಿದ್ದ ದಿನ ಅಮರಮ್ಮ ಗಡಿಗೆಗಳ ಮುಂದೆ ಕುಳಿತು ತೀರ್ಪು ಕೊಟ್ಟಳು.

“ಕೂರಿಗಿ ನಮ್ಮ ಅಂಗಳಕ್ಕ ಬಂದ್ರ ಬೀಜ ಹೊರಗ ಬರ್ತೈತಿ. ಇಲ್ಲಂದ್ರ ಗಡಿಗ್ಯಾಗೇ ಇರಲಿ.”

“ಎಷ್ಟು ದಿನ ಇರಲ್ರೀ ಅತ್ತೀ? ನಾಕು ಮಳಿಗಾಲ ಕಳದ್ರ ಬೀಜಾನೂ ಮುದುಕಿ ಆಗ್ತೈತಿ, ಮೊಳಕಿ ಒಡಿಯೂದಿಲ್ಲ.”

“ಆಗಲಿ. ನಾನೂ ಮುದುಕಿ ಆಗೀನಿ. ಈ ಮನೀ ಹೊಸ್ತಲಾ ದಾಟಿ ಬೀಜ ಮಂದಿ ಅಂಗಳಕ್ಕ ಹೋದದ್ದು ಕಂಡಿಲ್ಲ.”

ಬಸವಣ್ಣೆಮ್ಮ ಗಂಡನತ್ತ ನೋಡಿದಳು. ಅಮರಗುಂಡಪ್ಪ ಮಿಣಿ ಹಗ್ಗ ಹೊಸೆಯುತ್ತ ತಲೆಯೆತ್ತದೆ ಹೇಳಿದ: “ಅಂದು ಮಾತು ಕೊಟ್ಟಾಕಿ ನೀ. ಇಂದು ಏನ್ ಮಾಡಬೇಕೂ ನೀನೇ ತಿಳಕೋ. ಬುಟ್ಟಿ ಹೊರಬೇಕಾದ್ರ ಕರಿ.”

ಅವಳು ಬಹಳ ಹೊತ್ತು ಪೂಜೆಯ ಕೋಣೆಯಲ್ಲಿ ಕುಳಿತಿದ್ದಳು. ಬೀಜವನ್ನು ತಡೆದು ಹಿಡಿದರೆ, ಇಂದಲ್ಲ ನಾಳೆ, ಊರು ಸೋತು ಅಂಗಳಕ್ಕೆ ಬಂದೀತು. ಅಷ್ಟರಲ್ಲಿ ಎಷ್ಟು ಹೊಲಗಳು ಹೊಟ್ಟನ್ನು ಬೆಳೆದಾವು? ಶಿವನು ಕೊಟ್ಟ ಗುಣವನ್ನು ತನ್ನ ಮಾನಕ್ಕೆ ಒತ್ತೆಯಿಡುವುದು ಸಲ್ಲದೆಂದು ಅವಳಿಗೆ ನಿಶ್ಚಯವಾಯಿತು. ಎದ್ದು, ಲಿಂಗಕ್ಕೆ ಕೈಮುಗಿದು, ಗಂಡನನ್ನು ಕರೆದಳು.

ಬುಟ್ಟಿ ಹೊತ್ತು ಬಂದವರತ್ತ ಬಸವಂತರಾಯನ ಅಂಗಳವೆಲ್ಲ ತಿರುಗಿ ನೋಡಿತು. ಕೂರಿಗೆಗಳು ಸಾಲಾಗಿ ನಿಂತಿದ್ದವು, ಕಾಯಿ ಒಡೆದಾಗಿತ್ತು. ಬಸವಂತರಾಯ ಎದ್ದು ನಿಂತ.

“ಪೂಜಿ ತಿರುಗಿ ಕೇಳಾಕ ಬಂದೀ ಏನು ತಂಗೆವ್ವ?”

“ಇಲ್ರೀ. ಬೀಜ ಕೊಡಾಕ ಬಂದೀನಿ.”

“ಕೂರಿಗಿ ಇಲ್ಲೇ ಇರ್ತಾವ ಮತ್ತ. ಆಡಿದ ಮಾತು ಆಡಿದ್ದೇ.”

“ಇರ್ಲಿ ಬಿಡ್ರಿ. ಈ ಸಲ ನಾ ಏನೂ ಮಾತು ಕೊಡೂದಿಲ್ಲ. ಬಿತ್ತಿ ನೋಡ್ರಿ.”

ಬಸವಂತರಾಯ ಬುಟ್ಟಿಗೆ ಕೈಹಾಕಿ ಒಂದು ಹಿಡಿ ಎತ್ತಿ, ಅಂಗೈಯಲ್ಲೇ ತೂಗಿ ನೋಡಿದ. ಒಳಗಿನ ಕಡೆ ತಿರುಗಿ ಹೆಂಡತಿಯನ್ನು ಕರೆದ. ಪಾರ್ವತೆಮ್ಮ ಬಂದು ಸೆರಗು ಒಡ್ಡಿದಳು. ಅವಳ ಹಿಂದೆ ಉಳಿದವರೂ ಬಂದರು. ಕುಡಿ ಚಿವುಟುವ ಹದವನ್ನು ಬಸವಣ್ಣೆಮ್ಮ ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದಳು. ಚಿವುಟುವವರು ಯಾರೆಂಬುದನ್ನೂ, ಅವರನ್ನು ಹೊಲದಿಂದ ಅಟ್ಟಬಾರದೆಂಬುದನ್ನೂ ಸೇರಿಸಿ ಹೇಳಿದಳು. ಗೋಡೆಯ ಬದಿಗೆ ನಿಂತಿದ್ದ ಮುದುಕಮ್ಮ ತನ್ನವರ ಕಡೆ ನೋಡಿ ಹುಬ್ಬು ಹಾರಿಸಿದಳು.

ಕೂರಿಗೆಗಳು ಬೀಜದ ಮನೆಗೆ ಮತ್ತೆ ಬರಲಿಲ್ಲ. ನಿಜಾಮರ ಆಳ್ವಿಕೆ ಮುಗಿಯುವ ತನಕವೂ ಉತ್ತರಿ ಮಳೆಗೊಮ್ಮೆ ಬಸವಣ್ಣೆಮ್ಮನೇ ಬುಟ್ಟಿ ಹೊರಿಸಿಕೊಂಡು ಆ ಅಂಗಳಕ್ಕೆ ಹೋಗುತ್ತಿದ್ದಳು. ಅದು ಅವಳಿಗೆ ಕಡೆಕಡೆಗೆ ರೂಢಿಯಾಯಿತು. ಆದರೆ ಮೊದಲನೆಯ ಆ ದಿನ ಬರಿದಾದ ಬುಟ್ಟಿಯೊಡನೆ ಅವಳು ಹಿತ್ತಿಲ ಬಾಗಿಲಿನಿಂದ ಮನೆಯೊಳಗೆ ಬಂದಳು. ಅಮರಮ್ಮ ಕಂಬಕ್ಕೆ ಒರಗಿ, ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ದೀಪ ಹಚ್ಚುವ ಹೊತ್ತಿಗೆ ಗೋಡೆಯನ್ನೇ ಕೇಳುವಂತೆ ಕೇಳಿದಳು.

“ಯಾರ್ಯಾರು ತೊಗೊಂಡ್ರು?”

“ಎಲ್ಲಾರೂ ತೊಗೊಂಡ್ರು ಅತ್ತೀ.”

“ಗೌಡನ ಹೆಂಡ್ತಿ?”

“ಆಕೀನೇ ಮೊದ್ಲು ಉಡಿ ಒಡ್ಡಿದ್ಲು.”

“ಎಷ್ಟು ಹಾಕಿದಿ ಆಕೀಗಿ?”

“ಎಲ್ಲಾರಿಗಿ ಹಾಕಿದಷ್ಟೇ.”

ಅಮರಮ್ಮ ಈ ಕಡೆ ತಿರುಗಿದಳು. “ಒಂದು ಹಿಡಿ ಹೆಚ್ಚ ಹಾಕಬೇಕಿತ್ತು,” ಎಂದಳು. “ಕೊಡೂ ಮನಿ ಯಾವುದು ಅಂತ ಗೊತ್ತಾಗ್ತಿತ್ತು.”